ಅಮ್ಮೆ ಎಂದರೆ ಅಪ್ಪ: ಕಾಸರಗೋಡಿನ ಮನೆಗಳಲ್ಲಿ ನಂಟಿನ ಪದಗಳನ್ನು ಬರೆದಿಡುವ ಕ್ರಮ

ಕಾಸರಗೋಡಿನಲ್ಲಿ ‘ಅಳಿಯ’ ಎಂಬ ಒಂದೇ ಪದಕ್ಕೆ ಮೂವರು ಓಗೊಡಬಹುದು. ಕನ್ನಡದ ಮನೆಯಲ್ಲಿ ಅವನು ಮಗಳ ಗಂಡ. ಕುಟುಂಬ ತಾಯಿಯ ಕಡೆಯಿಂದ ಇಳಿಯುವ ಅಳಿಯಸಂತಾನ ಕಟ್ಟಿನ ಹಳೆಯ ಪತ್ರಗಳಲ್ಲಿ ಅವನು ಅಕ್ಕನ ಅಥವಾ ತಂಗಿಯ ಮಗ. ಮಲಯಾಳ ಮಾತಾಡುವ ನೆರೆಮನೆಯಲ್ಲಿ ‘ಅಳಿಯನ್’ ಎಂದರೆ ನಾವು ಭಾವ, ಮೈದುನ ಎನ್ನುವವನು. ತುಳು, ಕನ್ನಡ, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ, ಹವ್ಯಕ ಎಲ್ಲ ಒಂದೇ ಪೇಟೆಯಲ್ಲಿ ಕೇಳಿಸುವ ಈ ಊರಿನಲ್ಲಿ ಬರಿಯ ಪದವನ್ನು ಬರೆದಿಟ್ಟರೆ ಮೊಮ್ಮಕ್ಕಳ ಕಾಲಕ್ಕೆ ಅದು ಯಾರನ್ನು ತೋರಿಸುತ್ತಿತ್ತು ಎಂಬುದೇ ಕಳೆದುಹೋಗುತ್ತದೆ. ಆದ್ದರಿಂದ ಇಲ್ಲಿ ಹೇಳುವ ಕ್ರಮದಲ್ಲಿ ಮೊದಲು ಬರುವುದು ನಂಟಿನ ದಾರಿ, ಅಂದರೆ ‘ಅಮ್ಮನ ತಮ್ಮ’ ಎಂಬಂತೆ ಹೆಜ್ಜೆ ಹೆಜ್ಜೆಯಾಗಿ ಬಿಡಿಸಿ ಬರೆದದ್ದು. ಪದ ಬರುವುದು ಅದರ ನಂತರ.

ಬೇಕಾಗುವ ಸಾಮಾನು ಕಡಿಮೆ: 200 ಪುಟದ ಒಂದು ಉದ್ದ ನೋಟ್‌ಬುಕ್, ಪೆನ್ಸಿಲ್, ರಬ್ಬರ್, ಧ್ವನಿ ಮುದ್ರಿಸುವ ಮೊಬೈಲ್. ಪೆನ್ನು ಬೇಡ. ಮೊದಲ ಸಲ ಬರೆದದ್ದರಲ್ಲಿ ಸಾಕಷ್ಟು ತಿದ್ದಬೇಕಾಗುತ್ತದೆ.

1. ಹತ್ತು ಪದಗಳಲ್ಲಿ ದಾರಿ ಹಾಕಿ

ಅಪ್ಪ, ಅಮ್ಮ, ಅಣ್ಣ, ತಮ್ಮ, ಅಕ್ಕ, ತಂಗಿ, ಮಗ, ಮಗಳು, ಗಂಡ, ಹೆಂಡತಿ. ಈ ಹತ್ತನ್ನು ಬಿಟ್ಟು ಬೇರೆ ಪದ ದಾರಿಯಲ್ಲಿ ಬರಬಾರದು. ‘ಸೋದರಮಾವ’ ಎಂದು ಬರೆಯಬೇಡಿ, ‘ಅಮ್ಮನ ಅಣ್ಣ’ ಅಥವಾ ‘ಅಮ್ಮನ ತಮ್ಮ’ ಎಂದು ಬರೆಯಿರಿ. ‘ಓರಗಿತ್ತಿ’ಯ ಬದಲು ‘ಗಂಡನ ತಮ್ಮನ ಹೆಂಡತಿ’. ‘ಷಡ್ಡಕ’ನ ಬದಲು ‘ಹೆಂಡತಿಯ ಅಕ್ಕನ ಗಂಡ’. ಉದ್ದವಾಯಿತು ಎನಿಸಿದರೂ ತುಳುವರ ಮನೆಯ ಹುಡುಗ, ಮಲಯಾಳಿ ಸೊಸೆ, ಬೆಂಗಳೂರಿನಲ್ಲಿ ಹುಟ್ಟಿದ ಮೊಮ್ಮಗಳು ಯಾರೇ ಓದಿದರೂ ಒಂದೇ ಅರ್ಥ ಬರುತ್ತದೆ.

ದಾರಿಯ ತಲೆಯಲ್ಲಿ ಒಂದು ಗುರುತು ಕಡ್ಡಾಯ: ಹೇಳುವವರು ಗಂಡೋ ಹೆಣ್ಣೋ. ಇದನ್ನು ಬಿಟ್ಟರೆ ಅರ್ಧ ಪುಸ್ತಕ ಹಾಳು. ಅಕ್ಕನ ಮಗ ಗಂಡಸಿಗೆ ಅಳಿಯ, ಅದೇ ಅಕ್ಕನ ಮಗ ತಂಗಿಗೆ ಮಗ. ತಿರುಗಿಸಿ ನೋಡಿ: ಅಣ್ಣನ ಮಗ ತಮ್ಮನಿಗೆ ಮಗ, ತಂಗಿಗೆ ಅಳಿಯ. ಕನ್ನಡ, ತುಳು, ಮಲಯಾಳ ಮೂರರಲ್ಲೂ ನಂಟು ನಿಂತಿರುವುದು ಈ ಅಡ್ಡಗೆರೆಯ ಮೇಲೆ. ಅಪ್ಪನ ಅಣ್ಣತಮ್ಮಂದಿರು ಅಪ್ಪಂದಿರ ಸಾಲಿಗೆ ಸೇರುತ್ತಾರೆ. ದೊಡ್ಡಪ್ಪ, ಚಿಕ್ಕಪ್ಪ ಎರಡರೊಳಗೂ ‘ಅಪ್ಪ’ ಇದ್ದಾನೆ. ಅಮ್ಮನ ಅಕ್ಕತಂಗಿಯರು ಅಮ್ಮಂದಿರು. ಅವರ ಮಕ್ಕಳೆಲ್ಲ ನಮಗೆ ಅಣ್ಣ, ತಮ್ಮ, ಅಕ್ಕ, ತಂಗಿ. ಆದರೆ ಅಪ್ಪನ ಅಕ್ಕತಂಗಿಯರು, ಅಮ್ಮನ ಅಣ್ಣತಮ್ಮಂದಿರು ಗೆರೆಯ ಆಚೆ: ಅತ್ತೆ, ಮಾವ. ಅವರ ಮಕ್ಕಳು ಭಾವ, ಮೈದುನ, ಅತ್ತಿಗೆ, ನಾದಿನಿ. ಮದುವೆಯ ಮಾತು ಬರಬಹುದಾದದ್ದು ಆಚೆಯವರೊಂದಿಗೆ, ಈಚೆಯವರೊಂದಿಗೆ ಎಂದೂ ಇಲ್ಲ. ‘ಕಸಿನ್’ ಎಂಬ ಪದ ಈ ಗೆರೆಯನ್ನೇ ಅಳಿಸಿಬಿಡುತ್ತದೆ. ನೋಟ್‌ಬುಕ್‌ನಲ್ಲಿ ಅದಕ್ಕೂ ‘ಅಂಕಲ್’, ‘ಆಂಟಿ’ಗೂ ಜಾಗ ಕೊಡಬೇಡಿ. ಮನೆಯಲ್ಲಿ ಹಾಗೆ ಕರೆಯುತ್ತಿದ್ದರೆ ಟಿಪ್ಪಣಿಯ ಅಂಕಣಕ್ಕೆ ಹಾಕಿ.

2. 93 ಸಾಲುಗಳನ್ನು ಮೊದಲೇ ಬರೆದುಕೊಳ್ಳಿ

ಕೇಳುತ್ತ ಕೇಳುತ್ತ ಬರೆದರೆ ಬಿಟ್ಟುಹೋಗುವುದು ಹೆಚ್ಚು. ಸಾಲುಗಳು ಮೊದಲೇ ಸಿದ್ಧವಿದ್ದರೆ ಖಾಲಿ ಉಳಿದದ್ದು ಕಣ್ಣಿಗೆ ಬೀಳುತ್ತದೆ. ಲೆಕ್ಕ ಹೀಗಿದೆ.

ಒಂದು ಹೆಜ್ಜೆಯ ನಂಟು 9: ಅಪ್ಪ, ಅಮ್ಮ, ನಾಲ್ಕು ಬಗೆಯ ಒಡಹುಟ್ಟಿದವರು, ಮಗ, ಮಗಳು, ಗಂಡ ಅಥವಾ ಹೆಂಡತಿ.

ಎರಡು ಹೆಜ್ಜೆಯದು 36. ಅಪ್ಪನ ಕಡೆಯಿಂದ 6, ಅಮ್ಮನ ಕಡೆಯಿಂದ 6. ನಾಲ್ಕು ಬಗೆಯ ಒಡಹುಟ್ಟಿದವರ ಸಂಗಾತಿ, ಮಗ, ಮಗಳು ಸೇರಿ 12. ಮಗನ ಹೆಂಡತಿ, ಮಗ, ಮಗಳು. ಮಗಳ ಗಂಡ, ಮಗ, ಮಗಳು ಸೇರಿ 6. ಸಂಗಾತಿಯ ಅಪ್ಪ, ಅಮ್ಮ, ನಾಲ್ಕು ಬಗೆಯ ಒಡಹುಟ್ಟಿದವರು ಸೇರಿ 6.

ಮೂರು ಹೆಜ್ಜೆಯಲ್ಲಿ ಎಲ್ಲವೂ ಬೇಡ, 32 ಸಾಕು. ಅಪ್ಪ-ಅಮ್ಮಂದಿರ ಎಂಟು ಬಗೆಯ ಒಡಹುಟ್ಟಿದವರ ಸಂಗಾತಿ, ಮಗ, ಮಗಳು ಸೇರಿ 24. ಸಂಗಾತಿಯ ಒಡಹುಟ್ಟಿದವರ ಸಂಗಾತಿಗಳು 4. ಮಕ್ಕಳ ಅತ್ತೆ-ಮಾವಂದಿರು, ಅಂದರೆ ಬೀಗರು, 4.

ಇಲ್ಲಿಗೆ 77 ಆಯಿತು. ದೊಡ್ಡಪ್ಪ, ಚಿಕ್ಕಮ್ಮ, ಮಾವ, ಅತ್ತೆ ಮುಂತಾದವರ ಮಕ್ಕಳ 16 ಸಾಲುಗಳನ್ನು ಮಾತ್ರ ಎರಡಾಗಿ ಒಡೆಯಿರಿ: ಹೇಳುವವರಿಗಿಂತ ಹಿರಿಯ, ಹೇಳುವವರಿಗಿಂತ ಕಿರಿಯ. ದೊಡ್ಡಪ್ಪನ ಮಗನೆಂಬ ಮಾತ್ರಕ್ಕೆ ಅವನು ಅಣ್ಣನಾಗುವುದಿಲ್ಲ. ವಯಸ್ಸಿನಲ್ಲಿ ಕಿರಿಯನಾದರೆ ತಮ್ಮನೇ. ಹೀಗೆ ಒಟ್ಟು 93 ಸಾಲು. ಪುಟಕ್ಕೆ 12 ಸಾಲಿನಂತೆ ಒಬ್ಬರಿಗೆ 8 ಪುಟ ಹಿಡಿಯುತ್ತದೆ.

ಪ್ರತಿ ಸಾಲಿಗೂ ಐದು ಅಂಕಣ: ನಂಟಿನ ದಾರಿ, ಹೇಳುವ ಪದ, ಕರೆಯುವ ಪದ, ಯಾವ ಮನೆಮಾತು, ಟಿಪ್ಪಣಿ. ಪುಟದ ತಲೆಯಲ್ಲಿ ಹೇಳಿದವರ ಊರು, ವಯಸ್ಸು, ಗಂಡು ಅಥವಾ ಹೆಣ್ಣು, ತಾರೀಕು. ಊರನ್ನು ಬಿಡಬೇಡಿ. ಮಂಜೇಶ್ವರದ ಕಡೆಯ ಮಾತಿಗೂ ಚಂದ್ರಗಿರಿ ಹೊಳೆಯ ತೆಂಕಣ ಹೊಸದುರ್ಗದ ಕಡೆಯ ಮಾತಿಗೂ ತುಂಬ ಅಂತರವಿದೆ.

3. ಯಾರನ್ನು, ಯಾವಾಗ ಕೇಳಬೇಕು

ಒಂದು ಮನೆಗೆ ಕನಿಷ್ಠ ನಾಲ್ಕು ಜನ: ಹಿರಿಯ ಗಂಡಸು, ಹಿರಿಯ ಹೆಂಗಸು, ಆ ಮನೆಗೆ ಮದುವೆಯಾಗಿ ಬಂದ ಸೊಸೆ, ಹದಿಹರೆಯದ ಒಬ್ಬ ಹುಡುಗ ಅಥವಾ ಹುಡುಗಿ. ಸೊಸೆಯನ್ನು ಮರೆಯಬಾರದು. ತವರಿನ ಪದವನ್ನೂ ಗಂಡನ ಮನೆಯ ಪದವನ್ನೂ ಹೋಲಿಸಿ ಹೇಳಬಲ್ಲವಳು ಅವಳೊಬ್ಬಳೇ. ಗಂಡನ ಅಕ್ಕ, ಗಂಡನ ತಂಗಿ, ಓರಗಿತ್ತಿಯರ ಪದಗಳು ಗಂಡಸರ ಬಾಯಲ್ಲಿ ಬರುವುದೇ ಇಲ್ಲ. ಹದಿಹರೆಯದವರನ್ನು ಕೇಳಿದರೆ ಯಾವ ಪದ ಆಗಲೇ ಉದುರಿಹೋಗಿದೆ ಎಂಬುದು ತಿಳಿಯುತ್ತದೆ.

ಕಾಲದ ಮಾತು. ಕೋಲ, ತಂಬಿಲದಂಥ ದೈವಾರಾಧನೆಯ ದಿನ ತರವಾಡು ಮನೆಯಲ್ಲಿ (ಕುಟುಂಬದ ಮೂಲಮನೆಯಲ್ಲಿ) ನಂಟರೆಲ್ಲ ಸಿಗುತ್ತಾರೆ ಎಂದು ಅಂದೇ ನೋಟ್‌ಬುಕ್ ಬಿಚ್ಚುವವರಿದ್ದಾರೆ. ಆಗುವುದಿಲ್ಲ. ಗದ್ದಲದಲ್ಲಿ ಧ್ವನಿ ದಾಖಲಾಗದು, ಹಿರಿಯರಿಗೆ ಪುರುಸೊತ್ತಿರದು. ಆ ದಿನ ಯಾರು ಯಾರನ್ನು ಏನೆಂದು ಕರೆದರು ಎಂದು ಕಿವಿಗೊಟ್ಟು ಕೇಳಿ, ರಾತ್ರಿ ಬರೆದುಕೊಂಡರೆ ಸಾಕು. ಕುಳಿತು ಕೇಳಲು ಹದವಾದ ಕಾಲ ಪತ್ತನಾಜೆ (ಮೇ ಕೊನೆಯಲ್ಲಿ ಕೋಲಗಳು ನಿಲ್ಲುವ ದಿನ) ಕಳೆದ ಮೇಲಿನ ಮಳೆಗಾಲ, ಅದರಲ್ಲೂ ಜುಲೈ–ಆಗಸ್ಟ್‌ನ ಆಟಿ ತಿಂಗಳು. ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಬರುವ ವಾಡಿಕೆ ಇರುವುದೂ ಆಗಲೇ. ಒಬ್ಬರಿಗೆ ಒಂದೂವರೆ ಗಂಟೆ ಇಟ್ಟುಕೊಳ್ಳಿ. ಅದಕ್ಕಿಂತ ಹೆಚ್ಚು ಕೂರಿಸಿದರೆ ಹಿರಿಯರು ದಣಿದು ‘ಅದೂ ಹಾಗೆಯೇ’ ಎನ್ನತೊಡಗುತ್ತಾರೆ. ಆ ಉತ್ತರಗಳನ್ನು ನಂಬಬಾರದು.

4. ಹೆಸರಿನಿಂದ ಶುರು ಮಾಡಿ

‘ಅಮ್ಮನ ತಮ್ಮನ ಮಗಳಿಗೆ ಏನೆನ್ನುತ್ತೀರಿ?’ ಎಂದು ಕೇಳಿದರೆ ಎಂಬತ್ತು ವರ್ಷದ ಅಜ್ಜಿ ತಡವರಿಸುತ್ತಾರೆ. ಪದ ಗೊತ್ತಿಲ್ಲವೆಂದಲ್ಲ. ಹಾಗೆ ಲೆಕ್ಕ ಹಾಕಿ ಅವರು ಎಂದೂ ಮಾತಾಡಿದವರಲ್ಲ. ಮೊದಲು ಜನರ ಹೆಸರು ಕೇಳಿ: ನಿಮ್ಮ ಅಮ್ಮನಿಗೆ ಎಷ್ಟು ಜನ ಒಡಹುಟ್ಟಿದವರು, ಹಿರಿಯರಿಂದ ಕಿರಿಯರವರೆಗೆ ಹೇಳಿ, ಯಾರ ಮಕ್ಕಳು ಯಾರು. ವಂಶದ ಚಿತ್ರ ಹಾಳೆಯ ಮೇಲೆ ಬಂದ ಮೇಲೆ ಒಬ್ಬೊಬ್ಬರ ಹೆಸರಿನ ಮೇಲೂ ಬೆರಳಿಟ್ಟು ‘ಇವರನ್ನು ಏನೆಂದು ಕರೆಯುತ್ತಿದ್ದಿರಿ?’ ಎನ್ನಿ. ಉತ್ತರ ತಟ್ಟನೆ ಬರುತ್ತದೆ. ಮಾನವಶಾಸ್ತ್ರಜ್ಞ ಡಬ್ಲ್ಯು.ಎಚ್.ಆರ್. ರಿವರ್ಸ್ 1901–02ರಲ್ಲಿ ನೀಲಗಿರಿಯ ತೋಡರ ನಡುವೆ ಕೆಲಸ ಮಾಡಿದ್ದೂ ಹೀಗೆ ಹೆಸರುಗಳ ವಂಶಾವಳಿಯನ್ನು ಹಿಡಿದೇ. ಇಂದಿಗೂ ಇದಕ್ಕಿಂತ ಗಟ್ಟಿಯಾದ ದಾರಿ ಇಲ್ಲ.

ಚಿತ್ರಕ್ಕೆ ಗುರುತುಗಳು ಸರಳ. ಗಂಡಿಗೆ ತ್ರಿಕೋನ, ಹೆಣ್ಣಿಗೆ ವೃತ್ತ, ಮದುವೆಗೆ ಸಮಚಿಹ್ನೆ, ಮಕ್ಕಳಿಗೆ ಕೆಳಗೆ ಇಳಿಯುವ ಗೆರೆ, ಒಡಹುಟ್ಟಿದವರನ್ನು ಕೂಡಿಸುವ ಅಡ್ಡಗೆರೆ. ಹಿರಿಯರು ಎಡಕ್ಕೆ, ಕಿರಿಯರು ಬಲಕ್ಕೆ. ತೀರಿಹೋದವರ ಮೇಲೆ ಓರೆಗೆರೆ. ಎಳವೆಯಲ್ಲೇ ತೀರಿಹೋದ ಮಕ್ಕಳನ್ನೂ ಸೇರಿಸಿ. ‘ಸಣ್ಣಕ್ಕ’ ಎಂದು ಒಬ್ಬರನ್ನು ಕರೆಯುತ್ತಿರುವುದು ಏಕೆ ಎಂಬ ಪ್ರಶ್ನೆಗೆ ಉತ್ತರ ಕೆಲವೊಮ್ಮೆ ಅಲ್ಲಿರುತ್ತದೆ. ಆದರೆ ಇದನ್ನು ಒತ್ತಾಯಿಸಿ ಕೇಳಬೇಡಿ. ಅವರೇ ಹೇಳಿದಾಗ ಬರೆದುಕೊಳ್ಳಿ.

ಹಳೆಯ ತಲೆಮಾರಿನ ಹೆಂಗಸರಲ್ಲಿ ಹಲವರು ಗಂಡನ ಹೆಸರು ಹೇಳುವುದಿಲ್ಲ. ‘ಯಜಮಾನರು’ ಎನ್ನುತ್ತಾರೆ, ಇಲ್ಲವೇ ಮಗನ ಹೆಸರು ಹಿಡಿದು ‘ಇಂಥವನ ಅಪ್ಪ’ ಎನ್ನುತ್ತಾರೆ. ಪಕ್ಕದಲ್ಲಿ ಮೊಮ್ಮಗಳನ್ನು ಕೂರಿಸಿಕೊಳ್ಳಿ, ಹೆಸರನ್ನು ಅವಳು ಹೇಳಲಿ. ‘ಇಂಥವನ ಅಪ್ಪ’ ಎಂದದ್ದನ್ನು ಕರೆಯುವ ಪದದ ಅಂಕಣಕ್ಕೆ ಹಾಗೆಯೇ ಇಳಿಸಿ.

5. ಹೇಳುವ ಪದ ಬೇರೆ, ಕರೆಯುವ ಪದ ಬೇರೆ

ಮೈದುನನನ್ನು ‘ಏ ಮೈದುನ’ ಎಂದು ಯಾರೂ ಕರೆಯುವುದಿಲ್ಲ. ಹೆಸರು ಹಿಡಿದು ಕರೆಯುತ್ತಾರೆ, ಇನ್ನೊಬ್ಬರಿಗೆ ಹೇಳುವಾಗ ಮಾತ್ರ ‘ನನ್ನ ಮೈದುನ’. ನಾದಿನಿ, ಸೊಸೆ, ಬೀಗ, ಷಡ್ಡಕ ಕೂಡ ಈ ಬಗೆಯವು. ಕಿರಿಯರಿಗೆ ಹೆಸರು, ಹಿರಿಯರಿಗೆ ನಂಟಿನ ಪದ ಎಂಬುದು ಸಾಮಾನ್ಯ ಕಟ್ಟು. ಗಂಡನ ಅಪ್ಪನನ್ನು ಕೆಲವು ಮನೆಗಳಲ್ಲಿ ಸೊಸೆ ‘ಮಾವ’ ಎಂದರೆ, ಇನ್ನು ಕೆಲವು ಮನೆಗಳಲ್ಲಿ ಗಂಡನಂತೆಯೇ ‘ಅಪ್ಪ’ ಎನ್ನುತ್ತಾಳೆ. ಎರಡನ್ನೂ ಒಂದೇ ಅಂಕಣಕ್ಕೆ ತುರುಕಿದರೆ ಮುಂದೆ ಓದುವವರಿಗೆ ಅವಳು ಮಗಳೋ ಸೊಸೆಯೋ ತಿಳಿಯದು.

ಪದದ ಜೊತೆ ಒಂದು ಪುಟ್ಟ ವಾಕ್ಯವನ್ನೂ ಕೇಳಿ ಬರೆದುಕೊಳ್ಳಿ. ಕಾಸರಗೋಡಿನ ಹವ್ಯಕ ಮಾತಿನಲ್ಲಿ ‘ಅಕ್ಕ ಬಂತು’, ‘ಅತ್ತೆ ಹೇಳಿತ್ತು’ ಎನ್ನುತ್ತಾರೆ. ಹೆಂಗಸರ ಬಗ್ಗೆ ಹೇಳುವಾಗ ಕ್ರಿಯಾಪದ ನಪುಂಸಕಲಿಂಗದಲ್ಲಿ ನಿಲ್ಲುತ್ತದೆ, ಅದರಲ್ಲಿ ಅಗೌರವದ ಸೋಂಕೂ ಇಲ್ಲ. ಬರಿಯ ‘ಅಕ್ಕ’ ಎಂದು ಬರೆದರೆ ಪುಸ್ತಕದ ಕನ್ನಡಕ್ಕೂ ಇದಕ್ಕೂ ಇರುವ ವ್ಯತ್ಯಾಸ ಕಾಣುವುದೇ ಇಲ್ಲ. ತುಳುವಿನಲ್ಲಿ ‘ಅಮ್ಮೆ’ ಎಂದದ್ದು ಗೌರವ ಸೇರಿದಾಗ ‘ಅಮ್ಮೆರ್’ ಆಗುತ್ತದೆ; ಎರಡನ್ನೂ ಬರೆಯಿರಿ. ಬಹುವಚನವನ್ನೂ ಕೇಳಿ. ಕನ್ನಡದಲ್ಲಿ ಅಣ್ಣಂದಿರು, ಮಾವಂದಿರು, ಅಕ್ಕಂದಿರು ಎಂದೇ ಆಗಬೇಕು, ಇಲ್ಲಿ ‘ಗಳು’ ಹತ್ತುವುದಿಲ್ಲ.

6. ಕಾಲು ಜಾರುವ ಪದಗಳು

ತಪ್ಪುಗಳು ಹೆಚ್ಚು ಹುಟ್ಟುವುದು ಇಲ್ಲಿ, ಹಾಗಾಗಿ ನಿಧಾನವಾಗಿ ನೋಡಬೇಕು.

ತುಳುವಿನಲ್ಲಿ ಅಮ್ಮೆ ಎಂದರೆ ಅಪ್ಪ, ಅಪ್ಪೆ ಎಂದರೆ ಅಮ್ಮ. ಕನ್ನಡದ ಕಿವಿಗೆ ಇದು ತಿರುಗಾಮುರುಗಾ. ಧ್ವನಿಮುದ್ರಣ ಕೇಳಿ ಬರೆಯುವ ತುಳು ಬಾರದವರು ‘ಅಮ್ಮೆನ ಇಲ್ಲ್’ ಎಂಬುದನ್ನು ಅಮ್ಮನ ಮನೆ ಎಂದು ಇಳಿಸಿಬಿಟ್ಟರೆ ತಂದೆಯ ಮನೆ ತಾಯಿಯ ಮನೆಯಾಗುತ್ತದೆ. ತುಳುವಿನ ‘ತಮ್ಮಲೆ’ಯಲ್ಲಿ ಕನ್ನಡದ ‘ತಮ್ಮ’ ಕೇಳಿಸಿದರೂ ಅವನು ತಮ್ಮನಲ್ಲ, ಅಮ್ಮನ ಅಣ್ಣ ಅಥವಾ ತಮ್ಮ, ಅಂದರೆ ಸೋದರಮಾವ. ತುಳುವಿನಲ್ಲಿ ತಮ್ಮ ‘ಮೆಗ್ಯೆ’, ತಂಗಿ ‘ಮೆಗ್ದಿ’. ಅಳಿಯ ‘ಮರ್ಮಯೆ’, ಸೊಸೆ ‘ಮರ್ಮಾಲ್’. ಅತ್ತೆ ‘ಮಾಮಿ’.

ಕೊಂಕಣಿಯ ‘ಭಾವು’, ಮರಾಠಿಯ ‘ಭಾಊ’ ಎಂದರೆ ಒಡಹುಟ್ಟಿದ ಅಣ್ಣ ಅಥವಾ ತಮ್ಮ. ಕನ್ನಡದ ‘ಭಾವ’ ಅಕ್ಕನ ಗಂಡ, ಗಂಡನ ಅಣ್ಣ, ಹೆಂಡತಿಯ ಅಣ್ಣ. ಸ್ವಂತ ಅಣ್ಣನೂ ಅಕ್ಕನ ಗಂಡನೂ ಒಂದೇ ಹೆಸರಿನಲ್ಲಿ ಬೆರೆತುಹೋದರೆ ಇಡೀ ವಂಶವೃಕ್ಷವೇ ಮುರಿಯುತ್ತದೆ. ಕೊಂಕಣಿ ಮನೆಯ ಪುಟದಲ್ಲಿ ‘ಭಾವ’ ಎಂಬ ಅಕ್ಷರ ಕಂಡರೆ ದಾರಿಯನ್ನು ಇನ್ನೊಮ್ಮೆ ಕೇಳಿ.

ಮಲಯಾಳದ ಜೊತೆ ಎರಡು ಜೋಡಿ ನೆನಪಿಡಿ: ನಮ್ಮ ಭಾವ ಅವರ ಅಳಿಯನ್, ನಮ್ಮ ಅಳಿಯ ಅವರ ಮರುಮಗನ್. ಸೋದರಮಾವ ‘ಅಮ್ಮಾವನ್’. ಅಣ್ಣ ‘ಚೇಟ್ಟನ್’, ಬಡಗಣ ಕೇರಳದಲ್ಲಿ ಹೆಚ್ಚಾಗಿ ‘ಏಟ್ಟನ್’. ತಮ್ಮ ‘ಅನಿಯನ್’, ತಂಗಿ ‘ಅನಿಯತ್ತಿ’. ಹೆಂಗಸಿನ ಅಣ್ಣತಮ್ಮಂದಿರಿಗೆ ಮಲಯಾಳದಲ್ಲಿ ‘ಆಂಙಳ’ ಎಂಬ ಬೇರೆಯೇ ಪದವಿದೆ, ಕನ್ನಡದಲ್ಲಿ ಅದಕ್ಕೆ ಒಂಟಿ ಪದವಿಲ್ಲ. ಅಂಥ ಕಡೆ ಕನ್ನಡದ ಅಂಕಣ ಖಾಲಿ ಇರಲಿ.

ಹವ್ಯಕ ಮನೆಯಲ್ಲಿ ಅಮ್ಮ ‘ಅಬ್ಬೆ’, ಅಪ್ಪನ ತಮ್ಮ ‘ಅಪ್ಪಚ್ಚಿ’, ಮಗನ ಅಥವಾ ಮಗಳ ಮಗು ‘ಪುಳ್ಳಿ’. ಪುಳ್ಳಿ ತುಳುವಿನಲ್ಲೂ ಇದೆ. ‘ಕೂಸು’ ಎಂದರೆ ಹುಡುಗಿ, ‘ಮಾಣಿ’ ಎಂದರೆ ಹುಡುಗ. ಘಟ್ಟದ ಮೇಲಿನ ಓದುಗರು ಕೂಸನ್ನು ಎಳೆಮಗು ಎಂದುಕೊಳ್ಳುತ್ತಾರೆ, ಆದ್ದರಿಂದ ವಯಸ್ಸು ಬರೆಯಿರಿ.

ಇನ್ನು ಅಳಿಯಸಂತಾನ. ಬಂಟ, ಬಿಲ್ಲವ ಮೊದಲಾದ ಮನೆತನಗಳಲ್ಲಿ ಕುಟುಂಬವೆಂದರೆ ತಾಯಿಯ ಕಡೆಯಿಂದ ಇಳಿದದ್ದು. ಬರಿ ಅಥವಾ ಬಳಿ, ಅಂದರೆ ಮೂಲವಂಶದ ಹೆಸರು, ಬರುವುದು ತಾಯಿಯಿಂದ. ಮದರಾಸು ಅಳಿಯಸಂತಾನ ಕಾಯ್ದೆ 1949ರದು, ‘ಕುಟುಂಬ’, ‘ಕವರು’ (ಕುಟುಂಬದ ಕವಲು) ಎಂಬ ಪದಗಳು ಅದರಲ್ಲೇ ಇವೆ. ಕೇರಳದಲ್ಲಿ 1975ರ ಕೂಡುಕುಟುಂಬ ರದ್ದತಿ ಕಾಯ್ದೆ 1976ರ ಡಿಸೆಂಬರ್ 1ರಿಂದ ಜಾರಿಗೆ ಬಂದು ಆ ಕೂಡುಸೊತ್ತಿನ ಪದ್ಧತಿ ಮುಗಿಯಿತು. ಪದಗಳು ಮುಗಿಯಲಿಲ್ಲ. ಹಳೆಯ ಪಾಲುಪಟ್ಟಿಯಲ್ಲಿ ‘ಯಜಮಾನರ ಅಳಿಯ’ ಎಂದಿದ್ದರೆ ಮಗಳ ಗಂಡನೆಂದು ಓದಬೇಡಿ. ಯಜಮಾನರ ಅಕ್ಕತಂಗಿಯರ ಮಕ್ಕಳ ಸಾಲನ್ನು ಮೊದಲು ಹುಡುಕಿ. ಈ ಮನೆತನಗಳ ಪುಟಕ್ಕೆ ‘ಬರಿ’ ಎಂಬ ಆರನೆಯ ಅಂಕಣ ಹಾಕಿ, ಗೋತ್ರ ಇರುವ ಮನೆಗಳಲ್ಲಿ ಅದೇ ಅಂಕಣಕ್ಕೆ ಗೋತ್ರ. ಬರಿ ತಾಯಿಯಿಂದ, ಗೋತ್ರ ತಂದೆಯಿಂದ ಬರುವುದರಿಂದ ಎರಡನ್ನೂ ಒಂದೇ ಗೆರೆಯಲ್ಲಿ ಕೆಳಗೆ ಎಳೆಯಲಾಗದು.

7. ಮರುಮಾತಿನ ಪರೀಕ್ಷೆ

ಪುಟ ತುಂಬಿದ ಮೇಲೆ ಪ್ರತಿ ಸಾಲನ್ನೂ ತಿರುಗಿಸಿ ನೋಡಿ. ಒಬ್ಬರು ಮಾವ ಅಥವಾ ಅತ್ತೆ ಎಂದರೆ ಮರುಮಾತು ಅಳಿಯ ಅಥವಾ ಸೊಸೆ ಆಗಬೇಕು. ದೊಡ್ಡಪ್ಪ, ಚಿಕ್ಕಮ್ಮ ಎಂದರೆ ಮರುಮಾತು ಮಗ, ಮಗಳು. ಭಾವ ಎಂದರೆ ಮೈದುನ ಅಥವಾ ನಾದಿನಿ. ಕರಾವಳಿಯ ಹಲವು ಮನೆಗಳಲ್ಲಿ ಎರಡು ಕಡೆಯಿಂದಲೂ ಭಾವ. ಜೋಡಿ ಕೂಡದಿದ್ದರೆ ಕಾರಣ ಸಾಮಾನ್ಯವಾಗಿ ಮೂರರಲ್ಲಿ ಒಂದು: ಹೇಳಿದವರು ಗಂಡೋ ಹೆಣ್ಣೋ ಎಂಬ ಗುರುತು ತಪ್ಪಿದೆ, ಕರೆಯುವ ಪದ ಹೇಳುವ ಪದದ ಅಂಕಣಕ್ಕೆ ಹೋಗಿದೆ, ಅಥವಾ ಇಬ್ಬರ ನಡುವೆ ಎರಡು ನಂಟು ಇದೆ.

ಮೂರನೆಯದು ತಪ್ಪಲ್ಲ. ಸೋದರಮಾವನ ಮಗನನ್ನು ಮದುವೆಯಾದವಳಿಗೆ ಅಮ್ಮನ ಅಣ್ಣನೇ ಗಂಡನ ಅಪ್ಪ. ಹಳೆಯ ದಾರಿಯಲ್ಲೂ ಅವನು ಮಾವ, ಹೊಸ ದಾರಿಯಲ್ಲೂ ಮಾವ. ಪದ ಬದಲಾಗದೆ ಉಳಿಯುವಂತೆ ಈ ಕಟ್ಟು ಎಷ್ಟು ಹೊಂದಿಕೊಂಡಿದೆ ಎಂದು ಇಂಥಲ್ಲಿ ಕಾಣುತ್ತದೆ. ಎರಡು ದಾರಿ ಇರುವಲ್ಲಿ ಎರಡನ್ನೂ ಓರೆಗೆರೆ ಹಾಕಿ ಬರೆಯಿರಿ, ಬಾಯಲ್ಲಿ ಉಳಿದ ಪದದ ಕೆಳಗೆ ಗೆರೆ ಎಳೆಯಿರಿ. ವಯಸ್ಸಿನಲ್ಲಿ ಕಿರಿಯನಾದ ಚಿಕ್ಕಪ್ಪ ಇದ್ದರೆ ಹೇಳುವ ಪದ ‘ಚಿಕ್ಕಪ್ಪ’ ಎಂದೇ ಇರಲಿ, ಕರೆಯುವ ಅಂಕಣಕ್ಕೆ ಹೆಸರು ಬರಲಿ.

ಲಿಪಿಯ ವಿಷಯ ಎರಡೇ ಮಾತು. ತುಳು, ಮಲಯಾಳ ಪದಗಳ ಕೊನೆಯಲ್ಲಿ ಕೇಳುವ ಅರೆ ಉಕಾರವನ್ನು ಪೂರ್ತಿ ‘ಉ’ ಮಾಡಬೇಡಿ, ಅರ್ಧಾಕ್ಷರದಲ್ಲಿ ನಿಲ್ಲಿಸಿ. ಅನುಮಾನವಿದ್ದ ಕಡೆ ಧ್ವನಿಮುದ್ರಣದ ನಿಮಿಷ, ಸೆಕೆಂಡು ಬರೆದಿಡಿ.

8. ಅರ್ಜಿ ಮತ್ತು ಆಮಂತ್ರಣ

ಸರ್ಕಾರಿ ಅರ್ಜಿಯಲ್ಲಿ ಮನೆಮಾತಿನ ಪದ ಹಾಕಬೇಡಿ. ವಿಲೇಜ್ ಆಫೀಸಿನ ಸಂಬಂಧ ಪ್ರಮಾಣಪತ್ರಕ್ಕೆ, ತಹಶೀಲ್ದಾರರ ವಾರಸು ಪ್ರಮಾಣಪತ್ರಕ್ಕೆ ಸರ್ಕಾರಿ ಸೇವೆಗಳ ಅಕ್ಷಯ ಕೇಂದ್ರದಲ್ಲಿ ಅರ್ಜಿ ತುಂಬಿಸುವಾಗ ನೋಟ್‌ಬುಕ್‌ನ ದಾರಿಯನ್ನೇ ತೋರಿಸಿ: ‘ತಾಯಿಯ ತಮ್ಮ’. ಕನ್ನಡದಲ್ಲಿ ‘ಅಳಿಯ’ ಎಂದು ಹೇಳಿ ಮಲಯಾಳದ ಫಾರ್ಮಿನಲ್ಲಿ ‘ಅಳಿಯನ್’ ಎಂದು ಬಿದ್ದರೆ ಮಗಳ ಗಂಡ ಹೆಂಡತಿಯ ತಮ್ಮನಾಗುತ್ತಾನೆ. ಚಿಕ್ಕಪ್ಪನ ಮಗನನ್ನು ‘ಅಣ್ಣ’ ಎಂದು ಹೇಳಿಬಿಡುವ ಅಭ್ಯಾಸ ನಮಗೆಲ್ಲ ಇದೆ. ಅರ್ಜಿಯಲ್ಲಿ ಅದು ಸಹೋದರ ಎಂದಾಗಿ ವಾರಸಿನ ಲೆಕ್ಕ ಕೆಡುತ್ತದೆ.

‘ಸೋದರ’ ಎಂದರೆ ಒಂದೇ ಉದರದಲ್ಲಿ ಹುಟ್ಟಿದವನು. ಆದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪಟ್ಟಿಯಲ್ಲಿ ಸಹೋದರ, ಸಹೋದರಿ ಎಂದಾಗ ಒಬ್ಬಳೇ ತಾಯಿಗೆ ಬೇರೆ ಗಂಡನಿಂದ ಹುಟ್ಟಿದವರು ಸೇರುವುದಿಲ್ಲ. ಒಬ್ಬನೇ ತಂದೆಗೆ ಬೇರೆ ಹೆಂಡತಿಯಿಂದ ಹುಟ್ಟಿದವರು ಸೇರುತ್ತಾರೆ, ಪೂರ್ಣ ಒಡಹುಟ್ಟಿದವರು ಇದ್ದರೆ ಅವರಿಗೆ ಆದ್ಯತೆ. ಆದ್ದರಿಂದ ಮರುಮದುವೆಯಾದ ಕಡೆ ಚಿತ್ರದಲ್ಲಿ ಮೊದಲ, ಎರಡನೆಯ ಮದುವೆಗೆ 1, 2 ಎಂದು ಅಂಕಿ ಹಾಕಿ, ಯಾವ ಮಗು ಯಾವ ಗೆರೆಯಿಂದ ಇಳಿಯಿತು ಎಂದು ತೋರಿಸಿ. ಒಬ್ಬರ ಹೆಸರು ಆಧಾರ್ ಕಾರ್ಡಿನಲ್ಲಿ ಒಂದು ಬಗೆ, ಹಳೆಯ ಪತ್ರದಲ್ಲಿ ಇನ್ನೊಂದು ಬಗೆ ಇದ್ದರೆ ಎರಡನ್ನೂ ಟಿಪ್ಪಣಿಯಲ್ಲಿ ಬರೆದಿಡಿ. ಇಬ್ಬರೂ ಒಬ್ಬರೇ ಎಂಬ ಪ್ರಮಾಣಪತ್ರ ಕೇಳುವಾಗ ಆ ಟಿಪ್ಪಣಿ ಕೈಗೆ ಬರುತ್ತದೆ.

ಮದುವೆಯ ಕಾಗದ ಕನ್ನಡ, ಮಲಯಾಳ ಎರಡರಲ್ಲೂ ಅಚ್ಚಾಗುವುದಿದ್ದರೆ ಮಲಯಾಳದ ಕರಡನ್ನು ಮಲಯಾಳ ಮನೆಮಾತಿನ ಸೊಸೆಗೋ ಅಳಿಯನಿಗೋ ತೋರಿಸಿ. ಮೊಬೈಲ್‌ನ ಅನುವಾದ ‘ಭಾವ’ವನ್ನು ಮನಸ್ಸಿನ ಭಾವವೆಂದು ತಿಳಿಯುವುದುಂಟು.

ಕೊನೆಗೆ ಪುಸ್ತಕದ ಮೂರು ನಕಲು ಮಾಡಿಸಿ: ಒಂದು ತರವಾಡು ಅಥವಾ ಹಿರಿಮನೆಗೆ, ಒಂದು ಹೇಳಿದವರ ಕೈಗೆ, ಒಂದು ನಿಮ್ಮಲ್ಲಿ. ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಹಾಕುವ ಪ್ರತಿಯಲ್ಲಿ ಹುಟ್ಟಿದ ತಾರೀಕು, ಫೋನ್ ನಂಬರ್, ಮರುಮದುವೆಯ ವಿವರಗಳನ್ನು ಮುಚ್ಚಿ, ಪದಗಳ ಅಂಕಣವನ್ನಷ್ಟೇ ಬಿಡಿ. ಹೊಸ ಸೊಸೆ ಬಂದಾಗ ಅವಳ ತವರಿನ 93 ಸಾಲಿಗೆ 8 ಖಾಲಿ ಪುಟ ಸೇರಿಸಿ.